ಡಬ್ಬಿಯ ಮೇಲಿನ ಬರಹ ಯಾರನ್ನು ಕಾಪಾಡುತ್ತದೆ?



ಕೊಟ್ಟಿಗೆಯ ಮೂಲೆಯಲ್ಲೋ ಅಟ್ಟದ ಮೇಲೋ ನೀವು ಇಟ್ಟಿರುವ ಔಷಧಿ ಡಬ್ಬಿಯನ್ನು ಒಂದು ಸಲ ಬೆಳಕಿಗೆ ತಂದು ನೋಡಿ. ಬರಿಗೈಲಿ ಬೇಡ, ಒಂದು ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಹಿಡಿಯಿರಿ. ಲೇಬಲ್ಲಿನ ಮೇಲೆ ಮೂಲೆಯ ಮೇಲೆ ನಿಂತ ಒಂದು ಚೌಕ ಕಾಣುತ್ತದೆ. ಅದನ್ನು ಅಡ್ಡಕ್ಕೆ ಎರಡು ತ್ರಿಕೋನ ಮಾಡಿರುತ್ತಾರೆ. ಕೆಳಗಿನ ತ್ರಿಕೋನಕ್ಕೆ ಕೆಂಪು, ಹಳದಿ, ನೀಲಿ, ಹಸಿರು ಈ ನಾಲ್ಕರಲ್ಲಿ ಒಂದು ಬಣ್ಣ. ಮೇಲಿನದರಲ್ಲಿ ಎಚ್ಚರಿಕೆಯ ಮಾತು. ಕೆಂಪಾದರೆ ತಲೆಬುರುಡೆ, ಎರಡು ಮೂಳೆ, ಜೊತೆಗೆ ವಿಷ ಎಂಬ ಮಾತು. ಹಳದಿಗೆ ಬುರುಡೆ ಇಲ್ಲ, ವಿಷ ಎಂಬ ಮಾತು ಉಂಟು. ನೀಲಿಗೆ ಅಪಾಯ. ಹಸಿರಿಗೆ ಎಚ್ಚರಿಕೆ.

ಇದರ ಅರ್ಥವನ್ನು ಇಷ್ಟು ವರ್ಷದಲ್ಲಿ ನಿಮಗೆ ಯಾರಾದರೂ ಕೂರಿಸಿಕೊಂಡು ಹೇಳಿದ್ದಾರೆಯೇ? ಅಂಗಡಿಯವನು ಹೇಳಿದನೇ? ಕಂಪನಿಯವರು ಊರಿಗೆ ಬಂದು ಟೋಪಿ, ಟೀ ಷರ್ಟು ಹಂಚಿ ಹೋದರಲ್ಲ, ಅವರು ಹೇಳಿದರೇ? ನಾನು ಕೇಳಿದ ಎಷ್ಟೋ ಜನ, ಕೆಂಪು ಅಂದರೆ ಹೊಡೆತ ಜೋರು, ಹಸಿರು ಅಂದರೆ ಬೆಳೆಗೆ ತಂಪು ಅಂತ ತಿಳಿದುಕೊಂಡಿದ್ದರು. ತಪ್ಪು ಅವರದ್ದಲ್ಲ. ಹೇಳದೆ ಬಿಟ್ಟರೆ ಮನುಷ್ಯ ತನಗೆ ತೋಚಿದ ಅರ್ಥ ಕಟ್ಟಿಕೊಳ್ಳುತ್ತಾನೆ. ಮೊದಲನೆಯದಾಗಿ ನಾವು ಅದಕ್ಕೆ ಇಟ್ಟ ಹೆಸರೇ ಔಷಧಿ. ಬೆಳಗಾವಿ, ಧಾರವಾಡದ ಕಡೆ ಎಣ್ಣಿ. ವಿಷ ಅಂತ ಯಾರೂ ಕರೆಯೋದಿಲ್ಲ.

ಈ ಬಣ್ಣಗಳ ಲೆಕ್ಕ ಹೀಗಿದೆ. ಪ್ರಯೋಗಶಾಲೆಯಲ್ಲಿ ಇಲಿಗಳಿಗೆ ವಿಷ ತಿನ್ನಿಸುತ್ತಾರೆ. ನೂರು ಇಲಿಯಲ್ಲಿ ಐವತ್ತು ಸಾಯಬೇಕಾದರೆ ಇಲಿಯ ತೂಕದ ಒಂದು ಕಿಲೋಗೆ ಎಷ್ಟು ಮಿಲಿಗ್ರಾಂ ಬೇಕು ಅಂತ ನೋಡುತ್ತಾರೆ. 50 ಮಿಲಿಗ್ರಾಂ ಒಳಗೇ ಸತ್ತರೆ ಕೆಂಪು. 51ರಿಂದ 500 ಆದರೆ ಹಳದಿ. 501ರಿಂದ 5000 ನೀಲಿ. ಅದಕ್ಕೂ ಮೇಲೆ ಹೋದರೆ ಹಸಿರು. ಚರ್ಮದ ಮೇಲೆ ಬಿದ್ದರೆ ಎಷ್ಟು ಅನ್ನುವುದಕ್ಕೂ ಇಂಥದೇ ಇನ್ನೊಂದು ಲೆಕ್ಕ ಉಂಟು. ಅಂದರೆ ಈ ಬಣ್ಣ ಹೇಳುವುದು ಒಂದೇ ವಿಚಾರ: ಇವತ್ತು ಮೈಗೆ ಹೋದರೆ ಇವತ್ತೇ ಸಾಯುತ್ತೀರೋ ಇಲ್ಲವೋ ಎಂಬುದು. ಇಪ್ಪತ್ತು ವರ್ಷ ಪ್ರತಿ ಮುಂಗಾರಿನಲ್ಲೂ ಕ್ಯಾನು ಹೊತ್ತವನ ನರ, ಮೂತ್ರಪಿಂಡ, ಅವನ ಹೆಂಡತಿಯ ಹೊಟ್ಟೆಯಲ್ಲಿರುವ ಮಗು ಏನಾಗುತ್ತದೆ ಅನ್ನುವುದನ್ನು ಈ ತ್ರಿಕೋನ ಹೇಳುವುದಿಲ್ಲ. ಹೇಳಲು ಅದನ್ನು ಮಾಡಿಯೇ ಇಲ್ಲ.

ಹಾಗಾದರೆ ಇದನ್ನು ಮಾಡಿದವರು ಯಾರು, ಯಾಕೆ ಮಾಡಿದರು? ಸ್ವಲ್ಪ ಹಿಂದಕ್ಕೆ ಹೋಗಬೇಕು.

1958ರಲ್ಲಿ ಕೇರಳದಲ್ಲಿ ಮತ್ತು ಆಗಿನ ಮದ್ರಾಸು ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಜನ ಊಟ ಮಾಡಿ ಸತ್ತರು. ಹಡಗಿನಲ್ಲಿ ಆಹಾರದ ಸಾಮಾನಿನ ಜೊತೆಯಲ್ಲೇ ಪ್ಯಾರಥಿಯಾನ್ ಎಂಬ ಕೀಟನಾಶಕವನ್ನು ಸಾಗಿಸಿದ್ದರು, ಅದು ಸೋರಿ ಊಟಕ್ಕೆ ಸೇರಿತ್ತು. ನ್ಯಾಯಮೂರ್ತಿ ಜೆ. ಸಿ. ಷಾ ಅವರ ವಿಚಾರಣಾ ಆಯೋಗ ಕೂತಿತು. ಪ್ರತ್ಯೇಕ ಕಾನೂನು ಬೇಕು ಅಂತಾಯಿತು. ಹತ್ತು ವರ್ಷ ಕಳೆದು 1968ರಲ್ಲಿ ಕೀಟನಾಶಕ ಕಾಯ್ದೆ ಬಂತು, 1971ರಲ್ಲಿ ನಿಯಮಗಳು ಬಂದವು. ಬಣ್ಣದ ತ್ರಿಕೋನ ಹುಟ್ಟಿದ್ದು ಅಲ್ಲಿ.

ಆ ಕಾಯ್ದೆಯ ಕೆಳಗೆ ಸರ್ಕಾರಕ್ಕೆ ಸಲಹೆ ಕೊಡಲು ಒಂದು ಕೇಂದ್ರ ಕೀಟನಾಶಕ ಮಂಡಳಿ ಮಾಡಿದರು. ಕಾಯ್ದೆಯಲ್ಲಿ ಬರೆದ ಅದರ ಸದಸ್ಯರ ಪಟ್ಟಿ ಓದಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಆರೋಗ್ಯ ಸೇವೆಗಳ ಮಹಾನಿರ್ದೇಶಕರು ಅಧ್ಯಕ್ಷರು. ಔಷಧ ನಿಯಂತ್ರಕರು ಇದ್ದಾರೆ. ಕೈಗಾರಿಕಾ ಸಲಹೆಗಾರರು ಇದ್ದಾರೆ. ಹಡಗು ಖಾತೆಯ ಮಹಾನಿರ್ದೇಶಕರಿಗೆ ಒಂದು ಕುರ್ಚಿ, ರೈಲ್ವೆ ಮಂಡಳಿಯವರಿಗೆ ಒಂದು ಕುರ್ಚಿ. ಪ್ರಾಣಿಶಾಸ್ತ್ರ ಸರ್ವೇಕ್ಷಣೆಯವರಿಗೂ ಒಂದು. ಔಷಧಿ ಹೊಡೆಯುವ ರೈತನಿಗೆ ಮಾತ್ರ ಕುರ್ಚಿ ಇಲ್ಲ. ಹೊಡೆಯುವ ಕೂಲಿಯವನ ಮಾತಂತೂ ದೂರವೇ ಉಳಿಯಿತು. ವಿಷ ಹಡಗಿನಲ್ಲಿ ಸೋರಿತ್ತು, ಆದ್ದರಿಂದ ಹಡಗಿನವರನ್ನು ಕರೆದರು. ಗದ್ದೆಯಲ್ಲಿ ಸೋರುವುದು ಅವರ ಕಣ್ಣಿಗೆ ಬೀಳಲಿಲ್ಲ.

ಅಲ್ಲಿಗೆ ನಿಯಮಗಳು ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಓದಿ ನೋಡಿದರೆ ಎಷ್ಟೋ ಒಳ್ಳೆಯ ಮಾತುಗಳಿವೆ. ಡಬ್ಬಿಯ ಜೊತೆ ಒಂದು ಚೀಟಿ ಇರಬೇಕು. ವಿಷ ಏರಿದರೆ ಏನೇನು ಲಕ್ಷಣ, ಪ್ರಥಮ ಚಿಕಿತ್ಸೆ ಏನು, ಪ್ರತಿವಿಷ ಯಾವುದು, ಖಾಲಿ ಡಬ್ಬಿ ಏನು ಮಾಡಬೇಕು ಎಲ್ಲ ಅದರಲ್ಲಿರಬೇಕು. ಹಿಂದಿ, ಇಂಗ್ಲಿಷಿನ ಜೊತೆಗೆ ಮಾರುವ ಪ್ರದೇಶದ ಒಂದೆರಡು ಭಾಷೆಯಲ್ಲೂ ಇರಬೇಕು. ಕೆಲಸಗಾರರಿಗೆ ರಕ್ಷಣೆಯ ಉಡುಪು, ತರಬೇತಿ, ಕಾಲಕಾಲಕ್ಕೆ ವೈದ್ಯಕೀಯ ಪರೀಕ್ಷೆ ಇರಬೇಕು. ಇವೆಲ್ಲ 1971ರಿಂದ ಕಾಗದದ ಮೇಲಿವೆ. ನಿಮ್ಮೂರಿನಲ್ಲಿ ಔಷಧಿ ಹೊಡೆಯುವ ಯಾರಿಗಾದರೂ ರಕ್ತ ಪರೀಕ್ಷೆ ಆಗಿದ್ದನ್ನು ನೀವು ಕಂಡಿದ್ದೀರಾ?

ನಿಯಮದಲ್ಲಿ ಇನ್ನೊಂದು ಮಾತಿದೆ. ಆ ಬಣ್ಣದ ಚೌಕ ಲೇಬಲ್ಲಿನ ಮುಖದ 16ರಲ್ಲಿ ಒಂದು ಪಾಲಿಗಿಂತ ಕಡಿಮೆ ಇರಬಾರದು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ 100 ಮಿಲಿ ಡಬ್ಬಿಯ ಲೇಬಲ್ಲೇ ಒಂದು ಅಂಗೈಯಷ್ಟು. ಅದರ 16ನೇ ಒಂದು ಪಾಲು ಅಂದರೆ ಹೆಬ್ಬೆರಳಿನ ಉಗುರು. ಉಳಿದ 15 ಪಾಲಿನಲ್ಲಿ ಹುಲಿ, ಸಿಡಿಲು, ತುಂಬಿದ ಹೊಲ, ಕಂಪನಿಯ ಹೆಸರು. ಚೀಟಿಯಂತೂ ಮಡಿಸಿ ಮಡಿಸಿ ಬೆಂಕಿಪೊಟ್ಟಣದಷ್ಟು ಮಾಡಿ ಅಂಟಿಸಿರುತ್ತಾರೆ. ಬಿಡಿಸಿದರೆ ಅಕ್ಷರ ಸಾಸಿವೆ ಕಾಳಿನಷ್ಟು. ಮೂರು ಭಾಷೆಯನ್ನು ಒಂದೇ ಹಾಳೆಯಲ್ಲಿ ತುರುಕಿದರೆ ಇನ್ನೇನಾಗುತ್ತದೆ? ಕನ್ನಡಕ ಹಾಕಿದ ಮೇಷ್ಟ್ರಿಗೂ ಓದಲು ಬಾರದ ಅಕ್ಷರವನ್ನು ಅಚ್ಚು ಹಾಕಿಸಿ, ನಾವು ತಿಳಿಸಿದ್ದೇವೆ ಎನ್ನುತ್ತಾರೆ. ಕೋರ್ಟಿಗೆ ಹೋದರೆ ಆ ಚೀಟಿಯೇ ಅವರ ಸಾಕ್ಷಿ.

ಈಗ ಕಾರ್ಖಾನೆಯ ಕಡೆಗೆ ಬನ್ನಿ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಅನಿಲ ಸೋರಿ ಸಾವಿರಾರು ಜನ ಸತ್ತದ್ದು ನಿಮಗೆಲ್ಲ ಗೊತ್ತು. ಆ ಕಾರ್ಖಾನೆ ಮಾಡುತ್ತಿದ್ದದ್ದು ಏನು? ನಮಗಾಗಿ ಕೀಟನಾಶಕ. ಕಾರ್ಬರಿಲ್ ಎಂಬ ಪುಡಿ ಮಾಡಲು ಬೇಕಾದ ಅನಿಲ ಅದು. ಆ ರಾತ್ರಿ ಆಸ್ಪತ್ರೆಗೆ ಬಂದ ಜನಕ್ಕೆ ಯಾವ ವಿಷ ತಗಲಿದೆ, ಏನು ಕೊಡಬೇಕು ಅಂತ ವೈದ್ಯರಿಗೇ ಗೊತ್ತಿರಲಿಲ್ಲ. ಅದಾದ ಮೇಲೆ ದೇಶಕ್ಕೆ ಎಚ್ಚರವಾಯಿತು. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದರು. ಅಪಾಯದ ರಾಸಾಯನಿಕ ಬಳಸುವ ಮಾಲೀಕ, ಅದರ ಅಪಾಯವನ್ನೆಲ್ಲ ಕೆಲಸಗಾರರಿಗೆ, ಸ್ಥಳೀಯ ಆಡಳಿತಕ್ಕೆ, ಸುತ್ತಲ ಜನಕ್ಕೆ ತಿಳಿಸಲೇಬೇಕು ಅಂತಾಯಿತು. ಕೇಳಿ ತಿಳಿದುಕೊಳ್ಳುವುದು ಕೆಲಸಗಾರನ ಹಕ್ಕು ಅಂತ ಬರೆದರು. 1989ರ ನಿಯಮಗಳಲ್ಲಿ ಪ್ರತಿ ಅಪಾಯಕಾರಿ ರಾಸಾಯನಿಕಕ್ಕೂ ಸುರಕ್ಷತಾ ಮಾಹಿತಿ ಪತ್ರ ಮಾಡಬೇಕು ಅಂದರು. ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಬರೆದ 2020ರ ಸಂಹಿತೆಯಲ್ಲೂ ಮಾಲೀಕ ತಿಳಿಸಬೇಕೆಂಬ ಮಾತು ಉಳಿದಿದೆ.

ಇದೆಲ್ಲ ಕಾರ್ಖಾನೆಯ ಗೇಟಿನ ಒಳಗೆ. ಅದೇ ಕಾರ್ಬರಿಲ್ ಮೂಟೆಯಾಗಿ ಲಾರಿ ಹತ್ತಿ ಗೇಟು ದಾಟಿ ನಮ್ಮ ಗೊಬ್ಬರದಂಗಡಿಗೆ ಬರುವಷ್ಟರಲ್ಲಿ ಆ ಹಕ್ಕೆಲ್ಲ ದಾರಿಯಲ್ಲೇ ಉದುರಿ ಹೋಗುತ್ತಿತ್ತು. ಒಳಗೆ ಅದನ್ನು ಮುಟ್ಟುವವನಿಗೆ ಕೈಚೀಲ, ಮುಖವಾಡ, ಮಾಹಿತಿ ಪತ್ರ, ವೈದ್ಯರು. ಹೊರಗೆ ಅದನ್ನು ನೀರಿಗೆ ಕಲಸುವವನಿಗೆ ಬರಿಗೈ, ಒಂದು ಜಾಲಿ ಕಡ್ಡಿ. ಕೊನೆಗೆ 2018ರಲ್ಲಿ ಸರ್ಕಾರ ಹದಿನೆಂಟು ಕೀಟನಾಶಕಗಳನ್ನು ನಿಷೇಧಿಸಲು ಹೊರಟಾಗ ಕಾರ್ಬರಿಲ್ ಕೂಡ ಅದರಲ್ಲಿತ್ತು. ನಾವೆಲ್ಲ ಬರಿಗೈಲಿ ಎರಚಿದ ಥಿಮೆಟ್ ಕಾಳು, ಅಂದರೆ ಫೋರೇಟ್, ಅದೇ ಪಟ್ಟಿಯಲ್ಲಿ 2020ರ ಕೊನೆಗೆ ನಿಂತಿತು. ನಿಲ್ಲಿಸಿದ್ದು ಸರಿಯೇ. ಆದರೆ ಅಷ್ಟು ಅಪಾಯವಿದ್ದ ಪದಾರ್ಥವನ್ನು ಇಷ್ಟು ಕಾಲ ನಮ್ಮ ಕೈಲಿ ಎರಚಿಸಿದರಲ್ಲ, ಆ ಅಪಾಯ 2018ರಲ್ಲಿ ಹೊಸದಾಗಿ ಹುಟ್ಟಿತೇ?

ಕಂಪನಿ ಮತ್ತು ಸರ್ಕಾರ ಒಟ್ಟಿಗೆ ಕೂತು ಅಪಾಯವನ್ನು ಜನಕ್ಕೆ ತಿಳಿಸುವುದು ಎಂಬ ಮಾತು ಈಗ ಎಲ್ಲ ಕಡೆ ಕೇಳುತ್ತದೆ. ಕೆಟ್ಟ ಮಾತಲ್ಲ. ಪದಾರ್ಥದ ಗುಣ ಕಂಪನಿಗೆ ಗೊತ್ತು, ಅಧಿಕಾರ ಸರ್ಕಾರದ ಕೈಲಿದೆ, ಇಬ್ಬರೂ ಸೇರದೆ ಆಗುವುದಿಲ್ಲ. ಆದರೆ ಇಬ್ಬರೇ ಕೂತರೆ ಏನಾಗುತ್ತದೆ ಅಂತ ಅಮೆರಿಕದಲ್ಲಿ ಆದದ್ದು ನೋಡಿ. 1980ರ ಸುಮಾರಿಗೆ ಅಲ್ಲಿನ ಕಾರ್ಮಿಕ ಸಂಘಗಳು, ನಾವು ಮುಟ್ಟುವ ರಾಸಾಯನಿಕ ಯಾವುದು ಅಂತ ತಿಳಿಯುವ ಹಕ್ಕು ನಮಗೆ ಬೇಕು ಅಂತ ಹಟ ಹಿಡಿದವು. ಫಿಲಡೆಲ್ಫಿಯಾ ನಗರ 1981ರಲ್ಲಿ ಕಾನೂನು ಮಾಡಿತು, ರಾಜ್ಯಗಳೂ ಒಂದೊಂದಾಗಿ ಮಾಡತೊಡಗಿದವು. ಆಗ ರಾಸಾಯನಿಕ ಕಂಪನಿಗಳೇ ಮುಂದೆ ಬಂದು, ಐವತ್ತು ರಾಜ್ಯಕ್ಕೆ ಐವತ್ತು ಕಾನೂನು ಬೇಡ, ದೇಶಕ್ಕೆಲ್ಲ ಒಂದೇ ನಿಯಮ ಇರಲಿ ಎಂದವು. 1983ರಲ್ಲಿ ಕೇಂದ್ರ ನಿಯಮ ಬಂತು. ಬಂದದ್ದು ಕಾರ್ಖಾನೆ ಕೆಲಸಗಾರರಿಗೆ ಮಾತ್ರ. ವ್ಯಾಪಾರದ ಗುಟ್ಟು ಎಂಬ ಹೆಸರಲ್ಲಿ ಮುಚ್ಚಿಡಲು ದೊಡ್ಡ ಕಿಂಡಿಯನ್ನೂ ಬಿಟ್ಟಿದ್ದರು. ಉಕ್ಕಿನ ಕೆಲಸಗಾರರ ಸಂಘ ಕೋರ್ಟಿಗೆ ಹೋಯಿತು. 1985ರಲ್ಲಿ ನ್ಯಾಯಾಲಯ ಆ ಕಿಂಡಿಯನ್ನು ಕಿರಿದು ಮಾಡಿಸಿತು, ಬೇರೆ ಕೆಲಸದವರಿಗೂ ವಿಸ್ತರಿಸಿ ಅಂತ ಹೇಳಿತು, 1987ರಲ್ಲಿ ವಿಸ್ತರಣೆಯಾಯಿತು. ಕಂಪನಿ, ಸರ್ಕಾರ ಇಬ್ಬರೇ ಬರೆದ ನಿಯಮವನ್ನು ನೆಟ್ಟಗೆ ಮಾಡಿದ್ದು ಮೂರನೆಯವನು. ಕೀಟನಾಶಕದ ಮೇಜಿನ ಹತ್ತಿರ ಆ ಮೂರನೆಯವನು ನಾವು. ನಾವು ಅಲ್ಲಿಲ್ಲ.

ನಮ್ಮಂಥ ದೇಶಗಳಿಗೆ ಬಂದದ್ದು ಚಿತ್ರಗಳು. 1988ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಕೀಟನಾಶಕ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಎರಡೂ ಸೇರಿ ಲೇಬಲ್ಲಿಗೆ ಚಿತ್ರಗಳನ್ನು ಬರೆಸಿದವು. ಕೈಚೀಲದ ಚಿತ್ರ, ಬೂಟಿನ ಚಿತ್ರ, ಮುಖವಾಡದ ಚಿತ್ರ, ಕೈ ತೊಳೆಯುವ ಚಿತ್ರ. ಓದು ಬಾರದವನಿಗೂ ತಿಳಿಯಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಕೈಚೀಲದ ಚಿತ್ರ ಕೈಚೀಲವಲ್ಲವಲ್ಲ! ಚಿತ್ರ ಡಬ್ಬಿಯ ಮೇಲೆ ಬಂತು, ಚೀಲ ಡಬ್ಬಿಯ ಜೊತೆ ಬರಲಿಲ್ಲ. ಅದನ್ನು ನೀನು ಪೇಟೆಯಲ್ಲಿ ಕೊಂಡುಕೋ ಎಂದರು. ನಮ್ಮ ತಾಲ್ಲೂಕು ಪೇಟೆಯಲ್ಲಿ ನೂರು ಬಗೆಯ ಔಷಧಿ ಸಿಗುತ್ತದೆ, ರಾಸಾಯನಿಕ ತಡೆಯುವ ಒಂದು ಜೊತೆ ಕೈಚೀಲ ಹುಡುಕಿ ನೋಡಿ.

1991ರಲ್ಲಿ ಅದೇ ಕಂಪನಿಗಳ ಸಂಘ ಗ್ವಾಟೆಮಾಲ, ಕೀನ್ಯಾ, ಥಾಯ್ಲೆಂಡುಗಳಲ್ಲಿ ಸುರಕ್ಷಿತ ಬಳಕೆ ಎಂಬ ಹೆಸರಿನ ಕಾರ್ಯಕ್ರಮ ಶುರು ಮಾಡಿತು. ಅದೇ ದಶಕದಲ್ಲಿ, ಮೊದಲು ಸಿಬಾ ಗೈಗಿ ಆಗಿದ್ದು ಆಮೇಲೆ ನೊವಾರ್ಟಿಸ್ ಆದ ಕಂಪನಿಯ ಪ್ರತಿಷ್ಠಾನ ಭಾರತ, ಮೆಕ್ಸಿಕೊ, ಜಿಂಬಾಬ್ವೆಗಳಲ್ಲಿ ರೈತರಿಗೆ ತಿಳಿವಳಿಕೆ ಕೊಟ್ಟು, ಅವರ ನಡವಳಿಕೆ ಬದಲಾಗುತ್ತದೋ ಅಂತ ವರ್ಷಗಟ್ಟಲೆ ನೋಡಿತು. 2000ದಲ್ಲಿ ಪುಸ್ತಕವನ್ನೂ ತಂದಿತು. ಕಂಡದ್ದು ಏನು? ತಿಳಿವಳಿಕೆ ಕೊಟ್ಟಾಗ ಸ್ವಲ್ಪ ಸುಧಾರಣೆ ಆಗುತ್ತದೆ, ಆದರೆ ಬಹಳ ಜನ ಬದಲಾಗುವುದಿಲ್ಲ. ಆದ್ದರಿಂದ ಅತಿ ವಿಷದ ಪದಾರ್ಥಗಳನ್ನು ಜನ ಸುರಕ್ಷಿತವಾಗಿ ಬಳಸುತ್ತಾರೆಂದು ಖಾತರಿ ಕೊಡಲಾಗದ ಕಂಪನಿ, ಅವುಗಳನ್ನು ಮಾರುಕಟ್ಟೆಯಿಂದ ವಾಪಸು ತೆಗೆದುಕೊಳ್ಳಬೇಕು ಎಂಬ ತೀರ್ಮಾನಕ್ಕೆ ಬಂದರು. ಇದು ರೈತ ಸಂಘಟನೆಯವರು ಹೇಳಿದ್ದಲ್ಲ. ಕಂಪನಿಯ ದುಡ್ಡಿನಲ್ಲೇ ನಡೆದ ಅಧ್ಯಯನ ಹೇಳಿದ್ದು.

ಆಹಾರ ಮತ್ತು ಕೃಷಿ ಸಂಸ್ಥೆಯ ನೀತಿ ಸಂಹಿತೆ 1985ರಲ್ಲಿ ಬಂತು, 2002ರಲ್ಲಿ ಪರಿಷ್ಕರಣೆಯಾಯಿತು. ಪರಿಷ್ಕರಣೆಯಲ್ಲಿ ಒಂದು ಮಾತಿದೆ, ಅದನ್ನು ಪ್ರತಿ ತಾಲ್ಲೂಕು ಕೃಷಿ ಕಚೇರಿಯ ಗೋಡೆಗೆ ಬರೆಸಬೇಕು. ಯಾವ ಕೀಟನಾಶಕ ಹೊಡೆಯಲು ತೊಡುವ ರಕ್ಷಣೆಯ ಉಡುಪು ಮೈಗೆ ಹಿಂಸೆಯಾಗುತ್ತದೋ, ದುಬಾರಿಯೋ, ಸುಲಭವಾಗಿ ಸಿಗುವುದಿಲ್ಲವೋ, ಅಂಥ ಕೀಟನಾಶಕವನ್ನೇ ದೂರವಿಡಬೇಕು. ಬಿಸಿಲ ನಾಡಿನ ಸಣ್ಣ ರೈತರ ವಿಚಾರದಲ್ಲಂತೂ ದೂರವಿಡಲೇಬೇಕು. ಇದು ಅದರ ತಾತ್ಪರ್ಯ. ರಾಯಚೂರಿನ ಹತ್ತಿ ಹೊಲದಲ್ಲಿ ನಡುಮಧ್ಯಾಹ್ನ ರಬ್ಬರ್ ಅಂಗಿ, ಬೂಟು, ಮುಖವಾಡ ತೊಟ್ಟು ಹದಿನಾರು ಲೀಟರ್ ಹೊತ್ತು ನಡೆಯಿರಿ ಎನ್ನುವವರು ತಾವು ಒಂದು ಸಾಲು ಹೊಡೆದು ತೋರಿಸಲಿ.

ಹೀಗಿದ್ದೂ ಯಾರಾದರೂ ಸತ್ತಾಗ ಬರುವ ಮಾತು ಒಂದೇ: ರೈತ ಲೇಬಲ್ ಓದಲಿಲ್ಲ, ಮುಖವಾಡ ಹಾಕಲಿಲ್ಲ. 2017ರ ಮಳೆಗಾಲದಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಆ ವರ್ಷ ಗಿಡ ಆಳೆತ್ತರ ಬೆಳೆದಿತ್ತು, ಹೊಡೆದದ್ದೆಲ್ಲ ಮುಖದ ಮೇಲೇ ಬರುತ್ತಿತ್ತು. ಎರಡು ಮೂರು ವಿಷವನ್ನು ಒಟ್ಟಿಗೆ ಕಲಸಿದ್ದರು. ಕಲಸಲು ಹೇಳಿದವರು ಯಾರು? ಅಂಗಡಿಯವರು. ಸತ್ತವರ ಮನೆಗೆ ಸರ್ಕಾರ 2 ಲಕ್ಷ ರೂಪಾಯಿ ಘೋಷಿಸಿತು. ತಪ್ಪು ಮಾತ್ರ ರೈತನ ಅಜಾಗರೂಕತೆಯ ಲೆಕ್ಕಕ್ಕೆ ಹೋಯಿತು.

ಇಲ್ಲಿಗೆ ಸಾಲದ ಮಾತು ಬಂತು. ನಮ್ಮಲ್ಲಿ ಬಹುಪಾಲು ಜನಕ್ಕೆ ಔಷಧಿಯ ಬಗ್ಗೆ ಹೇಳುವ ಗುರು ಅಂಗಡಿಯವನು. ಗುರುವೂ ಅವನೇ, ಸಾಲ ಕೊಡುವವನೂ ಅವನೇ. ಗಂಗಾವತಿಯ ಭತ್ತದವನಾಗಲಿ, ಬ್ಯಾಡಗಿ ಕಡೆಯ ಮೆಣಸಿನಕಾಯಿಯವನಾಗಲಿ, ಕೋಲಾರದ ಟೊಮೆಟೊದವನಾಗಲಿ, ಬೀಜ, ಗೊಬ್ಬರ, ಔಷಧಿ ಎಲ್ಲ ಉದ್ರಿ ತಂದು, ಬೆಳೆ ಬಂದ ಮೇಲೆ ತೀರಿಸುವವನೇ. ಉದ್ರಿ ತರುವವನು, ಈ ಕೆಂಪು ಬೇಡ ನೀಲಿ ಕೊಡು ಅಂತ ಚೌಕಾಸಿ ಮಾಡಲು ಆಗುತ್ತದೆಯೇ? ಚೀಟಿ ಓದಿ ಹೇಳು ಅಂತ ಕೇಳಲು ಬಾಯಿ ಬರುತ್ತದೆಯೇ? ಬಿಲ್ಲು ಕೊಡು ಅಂದರೆ ಮುಖ ಸಿಂಡರಿಸುತ್ತಾನೆ. ನಗದಾಗಲಿ ಉದ್ರಿಯಾಗಲಿ ಬಿಲ್ಲು ಕೊಟ್ಟೇ ಮಾರಬೇಕು ಅಂತ ನಿಯಮವಿದೆ. ಬಿಲ್ಲಿಲ್ಲದಿದ್ದರೆ ನಾಳೆ ಮನುಷ್ಯ ಸತ್ತರೂ, ಬೆಳೆ ಸುಟ್ಟರೂ, ಆ ಡಬ್ಬಿ ಯಾರ ಅಂಗಡಿಯದು ಅಂತ ತೋರಿಸಲು ನಮ್ಮ ಕೈಲಿ ಏನೂ ಇರುವುದಿಲ್ಲ. ಸರ್ಕಾರ ಔಷಧಿ ಮಾರುವವನಿಗೆ ಕೃಷಿ ಅಥವಾ ವಿಜ್ಞಾನದ ಓದು ಬೇಕು ಅಂತ ನಿಯಮ ತಂದಿತು. ಓದು ಇದ್ದರೆ ಒಳ್ಳೆಯದೇ. ಆದರೆ ಎಷ್ಟು ಹೆಚ್ಚು ಮಾರಿದರೆ ಅಷ್ಟು ಲಾಭ ಇರುವವನಿಗೆ, ಕಡಿಮೆ ಹೊಡೆ ಅಂತ ಹೇಳುವ ಕೆಲಸ ಕೊಟ್ಟರೆ ಪದವಿ ಏನು ಮಾಡೀತು?

ಮೈಗೆ ವಿಷ ಏರಿದ ದಿನ ಆಸ್ಪತ್ರೆಗೆ ಹೊತ್ತೊಯ್ಯುವ ಬಾಡಿಗೆ ಗಾಡಿ, ವಾರದ ಮಂಚ, ಅದಕ್ಕೆ ಕೈಗಡ, ಒಡವೆ ಅಡ. ಆ ವಾರ ಹೊಲಕ್ಕೆ ಹೋಗಲಾಗದೆ ಹಾಳಾದ ಕೆಲಸ ಬೇರೆ. ಕನಿಷ್ಠ ಬೆಂಬಲ ಬೆಲೆ ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಬೇಸಾಯದ ಖರ್ಚು ಲೆಕ್ಕ ಹಾಕುವಾಗ ಕೂಲಿ, ಎತ್ತು, ಯಂತ್ರ, ಬೀಜ, ಗೊಬ್ಬರ, ಕೀಟನಾಶಕ, ನೀರು, ಬಡ್ಡಿ ಎಲ್ಲಕ್ಕೂ ಕಲಂ ಇದೆ. ಕೀಟನಾಶಕದ ಕಲಮಿನಲ್ಲಿ ಡಬ್ಬಿಯ ಬೆಲೆ ಬರೆಯುತ್ತಾರೆ. ಅದನ್ನು ಹೊಡೆಯಲು ಬೇಕಾದ ಕೈಚೀಲ, ಮುಖವಾಡಕ್ಕೆ ಕಲಂ ಇಲ್ಲ. ಆಸ್ಪತ್ರೆಗೆ ಕಲಂ ಇಲ್ಲ. ಲೇಬಲ್ಲು ಹಾಕಿಕೋ ಅನ್ನುತ್ತದೆ, ಬೆಲೆ ಕಟ್ಟುವವನು ಹಾಕಿಕೊಂಡಿಲ್ಲ ಅಂತಲೇ ಲೆಕ್ಕ ಹಾಕುತ್ತಾನೆ. ಒಂದೇ ಸರ್ಕಾರದ ಎರಡು ಕಚೇರಿ, ಎರಡು ನಾಲಿಗೆ.

ದೀರ್ಘಕಾಲದ ಹಾನಿಯ ಬಗ್ಗೆ ಲೇಬಲ್ಲಿನ ಮೌನ ಎಷ್ಟು ದುಬಾರಿ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ನಮ್ಮ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ ಕಡೆಯ ಗೇರು ತೋಟಗಳಲ್ಲೂ ಸುರಿದರು. ಕೆಳಗಿದ್ದ ಜನಕ್ಕೆ ಯಾವ ಲೇಬಲ್ಲು ಓದಲು ಸಿಕ್ಕಿತು? ಹುಟ್ಟುವಾಗಲೇ ಅಂಗವೈಕಲ್ಯವಿರುವ ಮಕ್ಕಳನ್ನು ತಾಯಂದಿರು ಹೊತ್ತು ತಂದು ತೋರಿಸಿದರೂ, ಸಂಬಂಧ ಸಾಬೀತಾಗಿಲ್ಲ ಎಂಬ ಮಾತೇ ವರ್ಷಗಟ್ಟಲೆ ನಡೆಯಿತು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ನಿಷೇಧಿಸಿತು, ಆ ಕಾಯ್ದೆಯಲ್ಲಿ ರಾಜ್ಯಕ್ಕೆ ಇದ್ದ ಅಧಿಕಾರ 60 ದಿನಕ್ಕೆ ಮಾತ್ರ. ಅದೇ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಕೊಟ್ಟಿತು.

ಇನ್ನು ನಮ್ಮ ಕಡೆಗೆ ಒಂದು ಮಾತು. ಇದು ಕೆಲವರಿಗೆ ಹಿಡಿಸಲಿಕ್ಕಿಲ್ಲ, ಆದರೂ ಬರೆಯಬೇಕು. ಕಂಪನಿ ನಮಗೆ ಹೇಳಲಿಲ್ಲ ಅಂತ ನಾವು ದೂರುತ್ತೇವೆ, ಸರಿ. ನಮ್ಮ ಹೊಲದಲ್ಲಿ ಕ್ಯಾನು ಹೊತ್ತವನಿಗೆ ನಾವು ಏನು ಹೇಳಿದ್ದೇವೆ? ಬೆಳಿಗ್ಗೆ ಅವನು ಬರುವ ಹೊತ್ತಿಗೆ ಡಬ್ಬಿಯ ಮುಚ್ಚಳ ಬಿಚ್ಚಿ ಡ್ರಮ್ಮಿಗೆ ಸುರಿದಾಗಿರುತ್ತದೆ. ಯಾವ ಬಣ್ಣ ಅಂತ ಅವನು ನೋಡಿಯೂ ಇರುವುದಿಲ್ಲ. ಕೂಲಿ ಕ್ಯಾನಿನ ಲೆಕ್ಕ, ಒಂದು ಕ್ಯಾನಿಗೆ ಇಷ್ಟು ಅಂತ. ಆದ್ದರಿಂದ ಮೈಮೇಲೆ ಸೋರಿದರೂ ನಿಂತು ತೊಳೆಯುವುದಿಲ್ಲ, ಗಾಳಿ ಎದುರು ಬಂದರೂ ನಿಲ್ಲಿಸುವುದಿಲ್ಲ, ನಿಂತರೆ ದುಡ್ಡು ಹೋಯಿತು. ಎಲೆ ಅಡಿಕೆ ಬಾಯಲ್ಲಿ, ಬೀಡಿ ಕೈಯಲ್ಲಿ. ಮಾರನೇ ದಿನವೇ ಅದೇ ಹೊಲಕ್ಕೆ ಹೆಂಗಸರನ್ನು ಕಳೆ ತೆಗೆಯಲು ಇಳಿಸುತ್ತೇವೆ, ಅವರಿಗಂತೂ ಹೊಡೆದದ್ದೇ ಗೊತ್ತಿಲ್ಲ. ಕಾರ್ಖಾನೆಯಲ್ಲಿ ಕೆಲಸಗಾರನಿಗೆ ತಿಳಿಸುವುದು ಮಾಲೀಕನ ಹೊಣೆ ಅನ್ನುವುದಾದರೆ, ಹೊಲದಲ್ಲಿ ಆ ಮಾಲೀಕ ಯಾರು? ಮೇಲಿನವನು ನಮಗೆ ಮಾಡಿದ್ದನ್ನೇ ನಾವು ಕೆಳಗಿನವನಿಗೆ ದಾಟಿಸಿದರೆ ಸರ್ಕಾರದ ಮುಂದೆ ಯಾವ ಮುಖ ಇಟ್ಟುಕೊಂಡು ಕೇಳೋಣ? ಔಷಧಿ ಹೊಡೆಯುವ ದಿನ ಕ್ಯಾನಿನ ಲೆಕ್ಕ ಬಿಟ್ಟು ದಿನದ ಕೂಲಿ ಕೊಡಿ. ಬದುವಿನ ಮೇಲೆ ಒಂದು ಕೊಡ ಶುದ್ಧ ನೀರು, ಸೋಪು ಇಡಿ. ಡಬ್ಬಿಯನ್ನು ಅವನ ಕಣ್ಣೆದುರೇ ಬಿಚ್ಚಿ, ಬಣ್ಣ ತೋರಿಸಿ, ಹೆಸರು ಹೇಳಿ. ಇದಕ್ಕೆ ಯಾವ ಮಸೂದೆಯೂ ಪಾಸಾಗಬೇಕಾಗಿಲ್ಲ.

ಖಾಲಿ ಡಬ್ಬಿಯನ್ನು ಮನೆಯೊಳಗೆ ತರಬೇಡಿ. 2013ರಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯಲ್ಲಿ 23 ಮಕ್ಕಳು ಬಿಸಿಯೂಟ ಉಂಡು ಸತ್ತರು, ಅಡುಗೆ ಎಣ್ಣೆ ಇಟ್ಟದ್ದು ಮಾನೋಕ್ರೋಟೋಫಾಸ್ ತುಂಬಿದ್ದ ಡಬ್ಬಿಯಲ್ಲಿ. ಒಡೆದು, ಜನವಸತಿಯಿಂದ ದೂರ ಹೂಳಬೇಕು ಅಂತ ನಿಯಮ. ಲೇಬಲ್ಲು, ಚೀಟಿ ಮಾತ್ರ ಆ ಹಂಗಾಮು ಮುಗಿಯುವವರೆಗೆ ತೆಗೆದಿಡಿ. ಯಾರಿಗಾದರೂ ತಲೆ ಸುತ್ತಿ, ವಿಪರೀತ ಬೆವರಿ, ಜೊಲ್ಲು ಸುರಿದು, ಕಣ್ಣಿನ ಪಾಪೆ ಚಿಕ್ಕದಾಯಿತೋ, ಬಟ್ಟೆ ಬಿಚ್ಚಿಸಿ ಮೈ ತೊಳೆದು, ಆ ಲೇಬಲ್ಲನ್ನು ಜೊತೆಗಿಟ್ಟುಕೊಂಡೇ ಆಸ್ಪತ್ರೆಗೆ ಹೋಗಿ. ರಂಜಕದ ಜಾತಿಯ ಕೀಟನಾಶಕವಾದರೆ ವೈದ್ಯರು ಅಟ್ರೋಪಿನ್ ಕೊಡುತ್ತಾರೆ. ಬೇರೆ ಜಾತಿಗೆ ಬೇರೆ ಚಿಕಿತ್ಸೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. ಯಾವುದು ಅಂತ ಗೊತ್ತಿಲ್ಲದಿದ್ದರೆ ಭೋಪಾಲದ ವೈದ್ಯರಿಗಾದ ಗತಿಯೇ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆಗುತ್ತದೆ.

1968ರ ಕಾಯ್ದೆಯ ಜಾಗಕ್ಕೆ ಹೊಸದು ತರುತ್ತೇವೆ ಅಂತ 2008ರಲ್ಲಿ ಒಂದು ಮಸೂದೆ, 2020ರಲ್ಲಿ ಇನ್ನೊಂದು ಮಸೂದೆ ರಾಜ್ಯಸಭೆಗೆ ಬಂದವು. ಹೊಸ ಕಾಯ್ದೆ ಯಾವತ್ತು ಬಂದರೂ ನಮ್ಮ ಬೇಡಿಕೆ ಅದರೊಳಗೆ ಹೋಗಬೇಕು. ಲೇಬಲ್ಲಿನ ಮುಖದ ಮೇಲೇ, ಚೀಟಿಯ ಮಡಿಕೆಯಲ್ಲಲ್ಲ, ಕನ್ನಡದಲ್ಲಿ, ಪತ್ರಿಕೆಯ ಅಕ್ಷರಕ್ಕಿಂತ ಸಣ್ಣದಲ್ಲದ ಅಕ್ಷರದಲ್ಲಿ ಅಪಾಯ ಬರೆದಿರಬೇಕು. ಇವತ್ತಿನ ಅಪಾಯ ಅಷ್ಟೇ ಅಲ್ಲ, ಇಪ್ಪತ್ತು ವರ್ಷದ ಅಪಾಯವೂ. ಕೈಚೀಲ, ಮುಖವಾಡ ಡಬ್ಬಿಯ ಜೊತೆಯಲ್ಲೇ ಬರಬೇಕು, ಅದರ ಖರ್ಚು ಕಂಪನಿಯದು. ತೊಡಲಾಗದಷ್ಟು ಉಡುಪು ಬೇಕಾಗುವ ಪದಾರ್ಥಕ್ಕೆ ನೋಂದಣಿಯೇ ಬೇಡ. ಬೆಲೆ ಆಯೋಗದ ಲೆಕ್ಕದಲ್ಲಿ ರಕ್ಷಣೆ, ಚಿಕಿತ್ಸೆಗೆ ಕಲಂ ಬೇಕು. ಮಂಡಳಿಯಲ್ಲಿ ಹಡಗಿನವನಿಗೆ ಇರುವಂತೆ ರೈತನಿಗೂ, ಕೃಷಿ ಕೂಲಿಗೂ ಕುರ್ಚಿ ಬೇಕು.

ಇದನ್ನು ಬರೀ ಬಾಯಿಮಾತಲ್ಲಿ ಕೇಳಿದರೆ ಸಾಕ್ಷಿ ಎಲ್ಲಿ ಅನ್ನುತ್ತಾರೆ. ಆದ್ದರಿಂದ ಈ ಹಂಗಾಮಿನಲ್ಲಿ ನೀವು ಕೊಂಡ ಪ್ರತಿ ಡಬ್ಬಿಯ ಬಗ್ಗೆ ನಾಲ್ಕು ಸಾಲು ಬರೆದು ಪತ್ರಿಕೆಗೆ ಕಳಿಸಿ: ಔಷಧಿಯ ಹೆಸರು, ತ್ರಿಕೋನದ ಬಣ್ಣ, ಲೇಬಲ್ಲಿನಲ್ಲಿ ಕನ್ನಡ ಇತ್ತೋ ಇಲ್ಲವೋ, ಚೀಟಿ ಮತ್ತು ಬಿಲ್ಲು ಕೊಟ್ಟರೋ ಇಲ್ಲವೋ. ಅಂಗಡಿಯ ಹೆಸರು ಬರೆಯುವುದು ನಿಮ್ಮ ಇಷ್ಟ. ನಿಮ್ಮ ಊರು, ತಾಲ್ಲೂಕು ಮಾತ್ರ ಮರೆಯದೆ ಬರೆಯಿರಿ.